ಅಷ್ಟೂರಿನ ಗುಮ್ಮಟಗಳು: ಒಂದು ಮನೆತನದ ಸಮಾಧಿ, ಒಂದು ನಾಡಿನ ನೆನಪು

ಹುಮನಾಬಾದ್ ನಾಲ್ಕು ದಾರಿಗಳು ಕೂಡುವ ಊರು. ಪಶ್ಚಿಮಕ್ಕೆ ಹೊರಟರೆ ಬಸವಕಲ್ಯಾಣದ ಮಗ್ಗುಲಾಗಿ ಸೊಲ್ಲಾಪುರ, ಪೂರ್ವಕ್ಕೆ ಹೈದರಾಬಾದ್, ದಕ್ಷಿಣಕ್ಕೆ ಕಲಬುರಗಿ, ಈಶಾನ್ಯಕ್ಕೆ ಬೀದರ್. ವ್ಯಾಪಾರಕ್ಕೆ, ಆಸ್ಪತ್ರೆಗೆ, ಮಕ್ಕಳ ವಿದ್ಯಾಭ್ಯಾಸಕ್ಕೆ, ಮದುವೆ ಮುಂಜಿಗೆ ಎಂದು ಈ ದಾರಿಗಳಲ್ಲಿ ನಾವು ದಿನನಿತ್ಯ ಓಡಾಡುತ್ತೇವೆ. ಆದರೆ ಇವುಗಳಲ್ಲಿ ಎರಡು ದಾರಿಗಳ ತುದಿಯಲ್ಲಿ ಒಂದೇ ಮನೆತನದ ಸಮಾಧಿಗಳಿವೆ ಎಂಬುದನ್ನು ಬಲ್ಲವರು ವಿರಳ. ದಕ್ಷಿಣದ ತುದಿಯಲ್ಲಿ ಕಲಬುರಗಿಯ ಹಫ್ತ್ ಗುಂಬಜ್. ಈಶಾನ್ಯದ ತುದಿಯಲ್ಲಿ, ಬೀದರ್ ಪಟ್ಟಣದಿಂದ ಪೂರ್ವಕ್ಕೆ ಕೆಲವೇ ಕಿಲೋಮೀಟರ್ ದೂರದ ಅಷ್ಟೂರು. ಅಣ್ಣ ಅಲ್ಲಿ ಮಲಗಿದ್ದಾನೆ, ತಮ್ಮ ಇಲ್ಲಿ ಮಲಗಿದ್ದಾನೆ. ಅವರ ನಡುವೆ ನಮ್ಮ ಹುಮನಾಬಾದ್ ಇದೆ.

ಇದು ಬಹಮನಿ ಅರಸರ ಮನೆತನ. 1347ರಿಂದ ಸುಮಾರು 180 ವರ್ಷಗಳ ಕಾಲ ದಖ್ಖನದ ಬಹುಭಾಗವನ್ನು ಆಳಿದ ಈ ಮನೆತನದ ಯುದ್ಧಗಳ ಬಗ್ಗೆ, ವಿಜಯನಗರದೊಡನೆ ಅದಕ್ಕಿದ್ದ ಹಗೆತನದ ಬಗ್ಗೆ ಶಾಲಾಪುಸ್ತಕಗಳಲ್ಲಿ ಓದಿದ್ದೇವೆ. ಆದರೆ ಒಂದು ಮನೆತನದ ನಿಜವಾದ ಚರಿತ್ರೆಯನ್ನು ತಿಳಿಯಬೇಕಾದರೆ ಅದು ತನ್ನ ಸತ್ತವರನ್ನು ಎಲ್ಲಿ, ಹೇಗೆ ಮಲಗಿಸಿತು ಎಂಬುದನ್ನೂ ನೋಡಬೇಕು. ಸಮಾಧಿಯು ಸುಳ್ಳು ಹೇಳುವುದು ಅಪರೂಪ. ಕಟ್ಟಿಸಿದವನು ಮರೆಮಾಚಬಯಸಿದ್ದನ್ನೂ ಅದು ಕಾಲಾನಂತರದಲ್ಲಿ ಹೇಳಿಬಿಡುತ್ತದೆ. ಆದುದರಿಂದಲೇ ಹಳೆಯ ಸಮಾಧಿಗಳನ್ನು ದುರಸ್ತಿ ಮಾಡುವ ಕೆಲಸ ಕೇವಲ ಕಲ್ಲುಗಾರೆಯ ಕೆಲಸವಲ್ಲ. ಅದರಲ್ಲಿ ಸತ್ಯದ ಪ್ರಶ್ನೆಯೊಂದು ಅಡಗಿದೆ. ಈ ಲೇಖನದ ಉದ್ದೇಶ ಆ ಪ್ರಶ್ನೆಯನ್ನು ಓದುಗರ ಮುಂದಿಡುವುದು.

ಎರಡು ಊರು, ಒಂದು ಮನೆತನ

ಬಹಮನಿಗಳ ಮೊದಲ ರಾಜಧಾನಿ ಕಲಬುರಗಿ. ರಾಜ್ಯಸ್ಥಾಪಕ ಹಸನ್ ಬಹಮನ್ ಶಹಾನ ಸಮಾಧಿ ಕಲಬುರಗಿ ಕೋಟೆಯ ಸಮೀಪದಲ್ಲಿದೆ. ನಂತರದ ಕೆಲವು ಅರಸರ ಸಮಾಧಿಗಳು ಪಟ್ಟಣದ ಇನ್ನೊಂದು ಬದಿಯಲ್ಲಿ ಒಂದೆಡೆ ಸೇರಿ ನಿಂತಿವೆ. ಅದೇ ಹಫ್ತ್ ಗುಂಬಜ್, ಅಂದರೆ ಏಳು ಗುಮ್ಮಟಗಳು. ಅಲ್ಲಿ ಮಲಗಿದವರ ಬಾಳಿನ ಕಥೆ ಕರುಣಾಜನಕವಾದುದು. ಮುಜಾಹಿದ್ ಶಹಾ 1378ರಲ್ಲಿ ಕೊಲೆಯಾದ. ಅವನ ನಂತರ ಪಟ್ಟಕ್ಕೆ ಬಂದ ದಾವೂದ್ ಶಹಾನೂ ಅದೇ ವರ್ಷ ಕೊಲೆಯಾದ. ಘಿಯಾಸುದ್ದೀನನು 1397ರಲ್ಲಿ ಪಟ್ಟವೇರಿದ ಕೆಲವೇ ವಾರಗಳಲ್ಲಿ ಕಣ್ಣು ಕಳೆದುಕೊಂಡು ಪದಚ್ಯುತನಾದ. ಆ ಸಾಲಿನ ಕೊನೆಯ ಹಾಗೂ ಅತ್ಯಂತ ಭವ್ಯವಾದ ಸಮಾಧಿ ಫಿರೋಜ್ ಶಹಾನದು. ಎರಡು ಗುಮ್ಮಟಗಳುಳ್ಳ ಆ ಕಟ್ಟಡದ ಛಜ್ಜಾಗಳಲ್ಲಿ, ಅವುಗಳನ್ನು ಹೊತ್ತ ಕಲ್ಲಿನ ತೋಳುಗಳಲ್ಲಿ ನಮ್ಮ ನಾಡಿನ ದೇವಾಲಯ ಶಿಲ್ಪಿಗಳ ಕೈಚಳಕ ಎದ್ದು ಕಾಣುತ್ತದೆ.

1422ರಲ್ಲಿ ಫಿರೋಜ್ ಶಹಾನ ತಮ್ಮ ಅಹ್ಮದ್ ಶಹಾ ಅಣ್ಣನ ಕೈಯಿಂದ ಅಧಿಕಾರವನ್ನು ಪಡೆದುಕೊಂಡನು. ಅಧಿಕಾರ ಕೈ ಬದಲಾಯಿಸಿದ ಕೆಲವೇ ದಿನಗಳಲ್ಲಿ ಅಣ್ಣ ತೀರಿಹೋದನು. ರಕ್ತದ ಕಲೆಗಳುಳ್ಳ ಆ ರಾಜಧಾನಿಯಲ್ಲಿ ಅಹ್ಮದ್ ಶಹಾ ಹೆಚ್ಚು ಕಾಲ ಉಳಿಯಲಿಲ್ಲ. 1430ರ ಸುಮಾರಿಗೆ ರಾಜಧಾನಿಯನ್ನು ಬೀದರಿಗೆ ಬದಲಾಯಿಸಿದನು. ಬೀದರಿನ ಎತ್ತರದ ಪ್ರಸ್ಥಭೂಮಿ, ತಂಪು ಹವೆ, ನೀರಿನ ಅನುಕೂಲ, ರಾಜ್ಯದ ನಡುಭಾಗಕ್ಕೆ ಸಮೀಪವಾದ ನೆಲೆ ಇವೆಲ್ಲವೂ ಇದಕ್ಕೆ ಕಾರಣಗಳೆಂದು ಇತಿಹಾಸಕಾರರು ಹೇಳುತ್ತಾರೆ. ಕಲಬುರಗಿಯ ನೆನಪುಗಳಿಂದ ದೂರವಾಗುವ ಬಯಕೆಯೂ ಇದ್ದಿರಬಹುದೆಂದು ಊಹಿಸುವುದು ತಪ್ಪಾಗಲಾರದು. ರಾಜಧಾನಿ ಬದಲಾದಾಗ ಮನೆತನದ ಸ್ಮಶಾನವೂ ಬದಲಾಯಿತು. 1436ರಲ್ಲಿ ಅಹ್ಮದ್ ಶಹಾ ತೀರಿಕೊಂಡಾಗ ಅವನನ್ನು ಅಷ್ಟೂರಿನ ಬಯಲಿನಲ್ಲಿ ಮಣ್ಣು ಮಾಡಿದರು. ಅಂದಿನಿಂದ ಮುಂದಿನ ಒಂದು ಶತಮಾನ ಕಾಲ ಈ ಮನೆತನದವರು ಒಬ್ಬರ ಪಕ್ಕದಲ್ಲಿ ಒಬ್ಬರು ಅಲ್ಲಿಯೇ ಮಲಗುತ್ತಾ ಹೋದರು.

ಕತ್ತಲೆಯೊಳಗಿನ ಬಣ್ಣಗಳು

ಹೊರಗಿನಿಂದ ನೋಡಿದರೆ ಅಹ್ಮದ್ ಶಹಾನ ಸಮಾಧಿ ಗಂಭೀರವಾದ, ದಪ್ಪ ಗೋಡೆಗಳ ಒಂದು ಚೌಕ ಕಟ್ಟಡ. ಮೇಲೆ ಬೃಹತ್ತಾದ ಗುಮ್ಮಟ. ಅದರ ಸಂಪತ್ತೆಲ್ಲ ಒಳಗಡೆ ಇದೆ. ಬಾಗಿಲು ದಾಟಿ ಒಳಹೊಕ್ಕವನಿಗೆ ಮೊದಲು ಕಾಣುವುದು ಕತ್ತಲೆ. ಕಣ್ಣು ಹೊಂದಿಕೊಳ್ಳುತ್ತಾ ಬಂದಂತೆ ಗೋಡೆಗಳ ಮೇಲೂ ಗುಮ್ಮಟದ ಒಳಮೈಯಲ್ಲೂ ಕುಂಕುಮಗೆಂಪು, ಕಡುನೀಲಿ ಬಣ್ಣಗಳ ನಡುವೆ ಹೊಂಬಣ್ಣದ ಅಕ್ಷರಗಳೂ ಬಳ್ಳಿಗಳೂ ಹೂಗಳೂ ಒಂದೊಂದಾಗಿ ಮೂಡುತ್ತವೆ. ಹೊರಗಿನ ಬಿಸಿಲನ್ನು ಕನ್ನಡಿಯಿಂದ ಒಳಕ್ಕೆ ಹಾಯಿಸಿ ಈ ಚಿತ್ರಗಳನ್ನು ತೋರಿಸುವ ರೂಢಿ ಅಲ್ಲಿದೆ.

ಈ ಬಣ್ಣಗಾರಿಕೆಯನ್ನು ಮಾಡಿದವನ ಹೆಸರು ಗೋಡೆಯ ಮೇಲೆಯೇ ಉಳಿದುಬಂದಿದೆ. ಅವನು ಪರ್ಶಿಯಾದ ಕಜ್ವೀನ್ ಪಟ್ಟಣದ ಶುಕ್ರುಲ್ಲಾ. ಗೋಡೆಗಳ ಮೇಲೆ ಷಾ ನಿಯಾಮತುಲ್ಲಾ ಎಂಬ ಸೂಫಿ ಸಂತನ ಕಾವ್ಯಪಂಕ್ತಿಗಳೂ ಅವನ ಗುರುಪರಂಪರೆಯ ಹೆಸರುಗಳೂ ಇವೆ. ಪರ್ಶಿಯಾದ ಕಿರ್ಮಾನ್ ಪ್ರಾಂತದಲ್ಲಿದ್ದ ಆ ಸಂತನನ್ನು ಅಹ್ಮದ್ ಶಹಾ ತನ್ನ ಗುರುವೆಂದು ಭಾವಿಸಿದ್ದನು. ಸಂತನು 1431ರಲ್ಲಿ ತೀರಿಕೊಂಡಾಗ ಮಾಹಾನ್ ಎಂಬಲ್ಲಿ ಅವನ ಸಮಾಧಿಯ ಕಟ್ಟಡಕ್ಕೆ ಧನಸಹಾಯ ಮಾಡಿದವನು ಬೀದರಿನ ಈ ಸುಲ್ತಾನನೇ. ಸಂತನ ಮಗ ಖಲೀಲುಲ್ಲಾ ಮುಂದೆ ಬೀದರಿಗೆ ಬಂದು ನೆಲೆಸಿದನು; ಅವನ ಎಂಟು ಮೂಲೆಯ ಸಮಾಧಿ 'ಚೌಖಂಡಿ' ಎಂಬ ಹೆಸರಿನಿಂದ ಅಷ್ಟೂರಿನ ದಾರಿಯಲ್ಲಿ ಇಂದಿಗೂ ನಿಂತಿದೆ. ಹೀಗೆ ನಮ್ಮ ಜಿಲ್ಲೆಯ ಒಂದು ಹಳ್ಳಿಯ ಬಯಲಿಗೂ ಸಾವಿರಾರು ಕಿಲೋಮೀಟರ್ ದೂರದ ಮರುಭೂಮಿಯ ಒಂದು ಊರಿಗೂ ಸಮಾಧಿಗಳ ಮೂಲಕ ನಂಟು ಬೆಳೆಯಿತು.

ಕಲ್ಯಾಣದ ನಂಟು

ಬಸವಕಲ್ಯಾಣದ ಓದುಗರಿಗೆ ಇದಕ್ಕಿಂತ ಹತ್ತಿರದ ನಂಟೊಂದು ಈ ಸಮಾಧಿಯೊಂದಿಗೆ ಇದೆ. ಬರಗಾಲದ ಸಮಯದಲ್ಲಿ ಅಹ್ಮದ್ ಶಹಾ ಗುಡ್ಡವೇರಿ ಪ್ರಾರ್ಥಿಸಿದಾಗ ಮಳೆ ಸುರಿಯಿತೆಂದೂ, ಅಂದಿನಿಂದ ಜನ ಅವನನ್ನು 'ವಲಿ' ಅಂದರೆ ಸಂತ ಎಂದು ಕರೆದರೆಂದೂ ಪ್ರತೀತಿ. ಮುಸಲ್ಮಾನರು ಅವನನ್ನು ವಲಿ ಎಂದು ಗೌರವಿಸಿದರೆ, ಈ ಭಾಗದ ಅನೇಕ ಲಿಂಗಾಯತ ಭಕ್ತರು ಅವನನ್ನು ಅಲ್ಲಮಪ್ರಭುವಿನ ಅವತಾರವೆಂದು ನಂಬುತ್ತಾ ಬಂದಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಅನುಭವ ಮಂಟಪದಲ್ಲಿ ಶೂನ್ಯಪೀಠವನ್ನು ಅಲಂಕರಿಸಿದ ಅಲ್ಲಮಪ್ರಭುವಿಗೂ ಮೂರು ಶತಮಾನಗಳ ನಂತರ ಬದುಕಿದ ಒಬ್ಬ ಸುಲ್ತಾನನಿಗೂ ಜನಮನದಲ್ಲಿ ಹೀಗೆ ಸಂಬಂಧ ಬೆಸೆದುಕೊಂಡದ್ದು ಸೋಜಿಗದ ಸಂಗತಿ.

ಅವನ ಉರುಸಿನ ದಿನವನ್ನು ಗೊತ್ತುಮಾಡುವುದು ಹಿಂದೂ ಚಾಂದ್ರಮಾನ ಪಂಚಾಂಗದ ಪ್ರಕಾರ. ಹೋಳಿಯ ನಂತರ ನಡೆಯುವ ಈ ಉತ್ಸವಕ್ಕೆ ಕಲಬುರಗಿ ಜಿಲ್ಲೆಯ ಮಾಡಿಯಾಳ ಗ್ರಾಮದ ಜಂಗಮರು ತಮ್ಮ ಪರಿವಾರದೊಡನೆ ಬರುತ್ತಾರೆ. ಶಂಖ ಊದಿ, ಸಮಾಧಿಗೆ ಹೂವು ಅರ್ಪಿಸಿ, ತೆಂಗಿನಕಾಯಿ ಒಡೆಯುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ. ಹುಮನಾಬಾದಿನವರಿಗೆ ಇಂಥ ದೃಶ್ಯ ಅಪರಿಚಿತವೇನಲ್ಲ. ಊರಿಗೆ ಹೊಂದಿಕೊಂಡಿರುವ ಮಾಣಿಕನಗರದಲ್ಲಿ 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳ ಸನ್ನಿಧಿಗೂ ಹಿಂದೂಗಳಂತೆಯೇ ಮುಸಲ್ಮಾನರೂ ಬರುತ್ತಾರೆ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಅಷ್ಟೂರಿನಲ್ಲಿರುವುದು ರಾಜಮನೆತನದ ಸಮಾಧಿಯೇ ಆದರೂ ಅದರ ವಾರಸುದಾರರು ಆ ಮನೆತನದವರಾಗಿ ಉಳಿದಿಲ್ಲ. ಸುಲ್ತಾನರ ಸಂತತಿ ರಾಜ್ಯವನ್ನು ಕಳೆದುಕೊಂಡು ಐದು ಶತಮಾನಗಳಾಗುತ್ತಾ ಬಂದವು. ದೀಪ ಹಚ್ಚುವವರು, ಹೂವು ಇಡುವವರು ಸುತ್ತಲಿನ ಹಳ್ಳಿಗಳ ರೈತರು. ಯಾವುದೇ ಸ್ಮಾರಕವನ್ನು ದುರಸ್ತಿ ಮಾಡಹೊರಟವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಇದು ಇಂದು ಯಾರ ನೆನಪು?

ಸಾಲಾಗಿ ನಿಂತ ಇತಿಹಾಸ

ಅಹ್ಮದ್ ಶಹಾನ ಪಕ್ಕದಲ್ಲಿ ಅವನ ಮಗ ಎರಡನೆಯ ಅಲ್ಲಾವುದ್ದೀನ್ ಅಹ್ಮದನ ಸಮಾಧಿ ಇದೆ. ಅವನು 1458ರಲ್ಲಿ ತೀರಿಕೊಂಡನು. ಬೀದರಿನಲ್ಲಿ ಆಸ್ಪತ್ರೆಯೊಂದನ್ನು ಕಟ್ಟಿಸಿ, ಅದರಲ್ಲಿ ಹಿಂದೂ ಮತ್ತು ಮುಸಲ್ಮಾನ ವೈದ್ಯರಿಬ್ಬರನ್ನೂ ನೇಮಿಸಿದ ಅರಸನೆಂದು ಚರಿತ್ರೆ ಅವನನ್ನು ನೆನೆಯುತ್ತದೆ. ಅವನ ಸಮಾಧಿಯ ಹೊರಗೋಡೆಗೆ ಬಣ್ಣದ ಮೆರುಗಿನ ಹಂಚುಗಳನ್ನು ಕೂರಿಸಲಾಗಿತ್ತು. ಕಮಾನುಗಳ ಅಂಚಿಗೆ ನಯವಾಗಿ ಕೆತ್ತಿದ ಕಪ್ಪುಕಲ್ಲನ್ನು ಬಳಸಲಾಗಿತ್ತು. ಹಂಚುಗಳಲ್ಲಿ ಬಹುಪಾಲು ಉದುರಿಹೋಗಿವೆ. ಅಲ್ಲಲ್ಲಿ ಉಳಿದ ನೀಲಿಯ ತುಣುಕುಗಳು ಹಿಂದಿನ ವೈಭವವನ್ನು ಸೂಚಿಸುತ್ತವೆ.

ಅವನ ನಂತರದ್ದು ಹುಮಾಯೂನನ ಸಮಾಧಿ. 1458ರಿಂದ 1461ರವರೆಗೆ ಕೇವಲ ಮೂರು ವರ್ಷ ಆಳಿದ ಈ ಅರಸನಿಗೆ 'ಜಾಲಿಮ್', ಅಂದರೆ ಕ್ರೂರಿ, ಎಂಬ ಅಡ್ಡಹೆಸರು ಅಂಟಿಕೊಂಡಿದೆ. ಅವನ ಸಮಾಧಿಗೆ ಸಿಡಿಲು ಬಡಿದು ಗುಮ್ಮಟದ ದೊಡ್ಡ ಭಾಗ ಕುಸಿದುಬಿದ್ದಿದೆ. ಉಳಿದ ಭಾಗ ಕುಯ್ದ ಹಣ್ಣಿನಂತೆ ತನ್ನ ಒಳಮೈಯನ್ನು ತೋರಿಸುತ್ತಾ ನಿಂತಿದೆ. ಕ್ರೂರಿಯ ಗೋರಿಯನ್ನು ಆಕಾಶವೇ ಸೀಳಿತು ಎಂದು ಜನ ಹೇಳಿಕೊಂಡು ಬಂದರು. ಆದರೆ ಇತಿಹಾಸಕಾರರು ಅಷ್ಟು ಸುಲಭವಾಗಿ ತೀರ್ಪು ಕೊಡುವುದಿಲ್ಲ. ಹುಮಾಯೂನನ ಕ್ರೌರ್ಯವನ್ನು ವಿಸ್ತಾರವಾಗಿ ಬಣ್ಣಿಸಿದವನು ಫಿರಿಸ್ತಾ. ಅವನು ಬಿಜಾಪುರದ ಆಸ್ಥಾನದಲ್ಲಿದ್ದುಕೊಂಡು ತನ್ನ ಗ್ರಂಥವನ್ನು ಬರೆದದ್ದು ಹುಮಾಯೂನ್ ಸತ್ತು ಸುಮಾರು ಒಂದೂವರೆ ಶತಮಾನವಾದ ಮೇಲೆ. ಆಸ್ಥಾನದ ಪಂಗಡಗಳ ಜಗಳದಲ್ಲಿ ಸೋತವರ ಮಾತುಗಳೇ ಈ ಅಪಕೀರ್ತಿಯನ್ನು ಹಿಗ್ಗಿಸಿರಬಹುದೆಂದು ಬಹಮನಿಗಳ ಚರಿತ್ರೆಯನ್ನು ಬರೆದ ಹಾರೂನ್ ಖಾನ್ ಶೇರ್ವಾನಿಯವರು ವಾದಿಸಿದ್ದಾರೆ. ಸಿಡಿಲು ಯಾರ ಪಾಪಪುಣ್ಯಗಳನ್ನೂ ವಿಚಾರಿಸುವುದಿಲ್ಲ. ಬಯಲಿನ ಎತ್ತರದ ಕಟ್ಟಡವನ್ನು ಅದು ಹುಡುಕಿಕೊಂಡು ಬರುತ್ತದೆ, ಅಷ್ಟೆ.

ಆದರೂ ಈ ಒಡೆದ ಗುಮ್ಮಟ ನಮಗೆ ಮಹದುಪಕಾರ ಮಾಡಿದೆ. ಇಡಿಯಾಗಿ ನಿಂತ ಉಳಿದ ಗುಮ್ಮಟಗಳು ತಮ್ಮ ರಚನೆಯ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಇಲ್ಲಿಯಾದರೋ ಗೋಡೆಯ ದಪ್ಪವೆಷ್ಟು, ಹಗುರವಾದ ಇಟ್ಟಿಗೆಗಳನ್ನು ಹೇಗೆ ಸಾಲುಗೂಡಿಸಿದರು, ಗಾರೆಯ ನಡುವೆ ಮರದ ತೊಲೆಯನ್ನು ಎಲ್ಲಿ ಹುದುಗಿಸಿದರು ಎಂಬುದೆಲ್ಲವೂ ಬರಿಗಣ್ಣಿಗೆ ಕಾಣುತ್ತದೆ. ಹದಿನೈದನೆಯ ಶತಮಾನದ ಮೇಸ್ತ್ರಿಗಳ ಪಾಠಶಾಲೆ ಅದು.

ಹುಮಾಯೂನನ ನಂತರ ಪಟ್ಟವೇರಿದ ಅವನ ಮಗ ನಿಜಾಮ್ ಶಹಾ ಎಂಟು ವರ್ಷದ ಬಾಲಕ. ತಾಯಿ ಮಖ್ದೂಮಾ ಜಹಾನಳು ಮಹಮೂದ್ ಗವಾನ್ ಮೊದಲಾದ ಮಂತ್ರಿಗಳ ನೆರವಿನಿಂದ ರಾಜ್ಯವನ್ನು ನಡೆಸಿದಳು. ಆ ಬಾಲಕ 1463ರಲ್ಲಿ ತೀರಿಕೊಂಡ. ತಮ್ಮನಾದ ಮೂರನೆಯ ಮುಹಮ್ಮದ್ ಶಹಾ ಪಟ್ಟಕ್ಕೆ ಬಂದ. ಚಾಡಿಮಾತಿಗೆ ಕಿವಿಗೊಟ್ಟು 1481ರಲ್ಲಿ ಮಹಮೂದ್ ಗವಾನನಂಥ ಪ್ರಾಮಾಣಿಕ ಮಂತ್ರಿಯನ್ನು ಕೊಲ್ಲಿಸಿದ ಅರಸ ಇವನೇ. ಮರುವರ್ಷವೇ ಇವನೂ ಸತ್ತ. ಅಣ್ಣತಮ್ಮಂದಿರಿಬ್ಬರ ಸಮಾಧಿಗಳೂ ಪೂರ್ಣಗೊಳ್ಳಲೇ ಇಲ್ಲ. ಗಂಡನನ್ನೂ ಎಳೆಯ ಮಗನನ್ನೂ ಇಲ್ಲಿಗೆ ತಂದು ಮಣ್ಣಿಗಿಟ್ಟ ಆ ತಾಯಿಯ ಸಮಾಧಿಯೂ ಇದೇ ಬಯಲಿನಲ್ಲಿದೆ. ಅನ್ಯಾಯವಾಗಿ ಪ್ರಾಣ ಕಳೆದುಕೊಂಡ ಮಂತ್ರಿಯನ್ನು ಮಾತ್ರ ಬೀದರಿನ ದಕ್ಷಿಣಕ್ಕಿರುವ ಗೋರನಳ್ಳಿಯಲ್ಲಿ ಗುಮ್ಮಟವಿಲ್ಲದ ಒಂದು ಸರಳ ಕಟ್ಟೆಯ ಮೇಲೆ ಮಲಗಿಸಿದರು. ಪಟ್ಟಣದ ನಡುವೆ ಅವನು ಕಟ್ಟಿಸಿದ ಮದರಸವೇ ಅವನ ದೊಡ್ಡ ಸ್ಮಾರಕವಾಗಿ ನಿಂತಿದೆ.

ಮುಂದೆ ಮಹಮೂದ್ ಶಹಾ 36 ವರ್ಷಗಳ ಕಾಲ, 1518ರವರೆಗೆ, ಹೆಸರಿಗೆ ಮಾತ್ರ ಅರಸನಾಗಿದ್ದನು. ಕಾಸಿಂ ಬರೀದನೂ ಅವನ ನಂತರ ಅವನ ಮಗನೂ ಅಧಿಕಾರದ ಲಗಾಮನ್ನು ಹಿಡಿದಿದ್ದರು. ಬಿಜಾಪುರ, ಅಹ್ಮದ್‌ನಗರ, ಬೇರಾರ್, ಗೋಲ್ಕೊಂಡ, ಬೀದರ್ ಎಂದು ರಾಜ್ಯ ಐದು ಹೋಳಾಯಿತು. ಮಹಮೂದನ ನಂತರ ಕೈಗೊಂಬೆಗಳಂತೆ ಪಟ್ಟಕ್ಕೆ ಬಂದು ಹೋದ ವಲಿಉಲ್ಲಾ, ಕಲೀಮುಲ್ಲಾ ಮೊದಲಾದವರ ಸಮಾಧಿಗಳು ಎಷ್ಟು ಚಿಕ್ಕವೆಂದರೆ, ದೊಡ್ಡ ಗುಮ್ಮಟಗಳನ್ನು ನೋಡಿ ಬಂದವರು ಅವುಗಳನ್ನು ಗಮನಿಸದೆಯೇ ಹಾದುಹೋಗುತ್ತಾರೆ. ಕೊನೆಯವನಾದ ಕಲೀಮುಲ್ಲಾ ಬೀದರನ್ನು ಬಿಟ್ಟು ಓಡಿಹೋಗಿ ಅಹ್ಮದ್‌ನಗರದಲ್ಲಿ ಸತ್ತ. ಅವನ ದೇಹವನ್ನು ಹಿರಿಯರ ಸಾಲಿನಲ್ಲಿ ಮಲಗಿಸಲೆಂದು ಹಿಂದಕ್ಕೆ ತಂದರು. ರಾಜ್ಯ ಹೋದರೂ ಮನೆತನದ ಸ್ಮಶಾನದಲ್ಲಿ ಒಂದು ತುಂಡು ನೆಲ ಅವನಿಗೆ ಉಳಿದಿತ್ತು.

ಹೀಗೆ ಅಷ್ಟೂರಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದುಹೋದರೆ ಸಾಕು, ಒಂದು ರಾಜ್ಯದ ಏಳುಬೀಳು ಕಣ್ಣಿಗೆ ಕಟ್ಟುತ್ತದೆ. ಅಪೂರ್ಣ ಸಮಾಧಿ ಅಪೂರ್ಣವಾಗಿಯೇ ಇರುವುದರಿಂದ, ಚಿಕ್ಕದು ಚಿಕ್ಕದಾಗಿಯೇ ಇರುವುದರಿಂದ, ಒಡೆದದ್ದು ಒಡೆದೇ ಇರುವುದರಿಂದ ಈ ಓದು ಸಾಧ್ಯವಾಗಿದೆ.

ಗ್ರೀಸ್ ದೇಶದ ಒಂದು ಸಮಾಧಿ

ಸಮಾಧಿಯ ಗಾತ್ರದಲ್ಲಿ ಕುಲದ ಘನತೆಯನ್ನು ತೋರಿಸುವ ಬಯಕೆ ನಮ್ಮ ದಖ್ಖನಕ್ಕೆ ಮಾತ್ರ ಸೇರಿದ್ದಲ್ಲ. ಗ್ರೀಸ್ ದೇಶದ ಅಥೆನ್ಸ್ ನಗರಕ್ಕೂ ಅದರ ಬಂದರಾದ ಪಿರೇಯಸ್‌ಗೂ ನಡುವಿನ ಕಲ್ಲಿಥಿಯಾ ಎಂಬಲ್ಲಿ 1968ರಲ್ಲಿ ಒಂದು ಕುಟುಂಬ ಸಮಾಧಿಯ ಅವಶೇಷಗಳು ದೊರೆತವು. ಕ್ರಿಸ್ತಪೂರ್ವ 330ರ ಸುಮಾರಿನ ಆ ಅಮೃತಶಿಲೆಯ ಸ್ಮಾರಕದ ಎತ್ತರ ಎಂಟು ಮೀಟರಿಗೂ ಹೆಚ್ಚು. ಅದರಲ್ಲಿ ತಂದೆ ನಿಕೆರಾತೋಸ್, ಮಗ ಪೊಲಿಕ್ಸೆನೋಸ್ ಹಾಗೂ ಒಬ್ಬ ಸೇವಕನ ಪ್ರತಿಮೆಗಳಿವೆ. ಕೆಳಗೆ ಯುದ್ಧದ ಮತ್ತು ಪ್ರಾಣಿಗಳ ಕಾಳಗದ ಉಬ್ಬುಚಿತ್ರಗಳಿವೆ. ಈ ಕುಟುಂಬ ಅಥೆನ್ಸಿನದಲ್ಲ. ಕಪ್ಪು ಸಮುದ್ರದ ತೀರದ ಇಸ್ತ್ರೋಸ್ ಎಂಬ ಊರಿನಿಂದ ಬಂದು ನೆಲೆಸಿದ ಪರದೇಶಿ ಕುಟುಂಬ ಅದು. ಬದುಕಿರುವಾಗ ಆ ನಗರದ ಪೌರತ್ವದ ಹಕ್ಕುಗಳಿಲ್ಲದವರು ಸತ್ತ ಮೇಲಾದರೂ ದಾರಿಹೋಕರ ಕಣ್ಣಿಗೆ ಬೀಳಲೆಂದು ಬಯಸಿದಂತಿದೆ.

ಇಂಥ ಆಡಂಬರ ಎಷ್ಟರಮಟ್ಟಿಗೆ ಬೆಳೆಯಿತೆಂದರೆ, ಕೆಲವೇ ವರ್ಷಗಳ ನಂತರ, ಕ್ರಿಸ್ತಪೂರ್ವ 317ರಲ್ಲಿ ಅಥೆನ್ಸಿನ ಆಡಳಿತವನ್ನು ವಹಿಸಿಕೊಂಡ ದಿಮಿತ್ರಿಯೋಸ್ ಎಂಬಾತನು ಅದಕ್ಕೆ ಕಡಿವಾಣ ಹಾಕಿದನು. ಮೂರು ಮೊಳಕ್ಕಿಂತ ಎತ್ತರದ ಕಂಬವನ್ನು ಗೋರಿಯ ಮೇಲೆ ನಿಲ್ಲಿಸುವಂತಿರಲಿಲ್ಲ. ಅಷ್ಟೂರಿನಲ್ಲಿ ಗುಮ್ಮಟಗಳನ್ನು ಕುಗ್ಗಿಸಿದ್ದು ಬಡತನ. ಅಥೆನ್ಸಿನಲ್ಲಿ ಕುಗ್ಗಿಸಿದ್ದು ಕಾನೂನು. ಎರಡೂ ಕಡೆ ಸಾವು ಎಲ್ಲರನ್ನೂ ಸಮಾನರನ್ನಾಗಿ ಮಾಡುತ್ತದೆ ಎಂಬ ಮಾತನ್ನು ಒಪ್ಪಿಕೊಳ್ಳಲು ಮನುಷ್ಯನಿಗೆ ಸಮಯ ಹಿಡಿಯಿತು.

ನಿಕೆರಾತೋಸನ ಸ್ಮಾರಕವನ್ನು ಇಂದು ಪಿರೇಯಸ್ಸಿನ ವಸ್ತುಸಂಗ್ರಹಾಲಯದಲ್ಲಿ ತುಣುಕುಗಳನ್ನು ಜೋಡಿಸಿ ನಿಲ್ಲಿಸಿದ್ದಾರೆ. ಬಿದ್ದ ಕಲ್ಲುಗಳನ್ನೇ ಅವುಗಳ ಮೂಲಸ್ಥಾನವನ್ನು ಗುರುತಿಸಿ ಮತ್ತೆ ಜೋಡಿಸುವುದು ಗ್ರೀಸ್ ದೇಶದಲ್ಲಿ ಬೆಳೆದುಬಂದ ಒಂದು ಶಾಸ್ತ್ರ. ಅಲ್ಲಿ ಸಮಾಧಿಯನ್ನು ಬಯಲಿನಿಂದ ಕಟ್ಟಡದೊಳಕ್ಕೆ ತಂದು ಉಳಿಸಿದರು. ನಮ್ಮ ಗುಮ್ಮಟಗಳನ್ನು ಹಾಗೆ ಎತ್ತಿಡಲಾಗದು. ಮಳೆ, ಬಿಸಿಲು, ಗಾಳಿ, ಗಿಡದ ಬೇರು, ಬಾವಲಿ, ದೀಪದ ಹೊಗೆ ಇವೆಲ್ಲದರ ನಡುವೆಯೇ ಅವುಗಳನ್ನು ಕಾಪಾಡಬೇಕಾಗಿದೆ.

ದುರಸ್ತಿ ಎಂದರೇನು?

ಹಳೆಯ ಕಟ್ಟಡಗಳ ಮೊದಲ ಶತ್ರು ನೀರು. ಗುಮ್ಮಟದ ಬಿರುಕಿನಲ್ಲಿ ಇಳಿದ ನೀರು ಗಾರೆಯನ್ನು ಸಡಿಲಿಸುತ್ತದೆ. ಹಕ್ಕಿ ತಂದು ಹಾಕಿದ ಆಲದ ಬೀಜ ಅಲ್ಲಿ ಮೊಳೆಯುತ್ತದೆ. ಬೇರು ಬಲಿತು ಕಲ್ಲನ್ನು ಎಬ್ಬಿಸುತ್ತದೆ. ಒಳಗಿನ ತೇವದಿಂದ ಬಣ್ಣದ ಪದರ ಹಕ್ಕಳೆಗಟ್ಟಿ ಉದುರುತ್ತದೆ. ಈ ಹಾನಿಯನ್ನು ತಡೆಯಲು ನಮ್ಮ ಹಿರಿಯರು ಕಂಡುಕೊಂಡ ಮದ್ದು ಸುಣ್ಣದ ಗಾರೆ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳಿನೊಡನೆ ಗಾಣದಲ್ಲಿ ಅರೆದು, ಬೆಲ್ಲದ ನೀರು, ಬಿಲ್ವದ ಕಾಯಿಯ ತಿರುಳು ಮೊದಲಾದವುಗಳನ್ನು ಬೆರೆಸಿ ತಯಾರಿಸುವ ಗಾರೆ ನಿಧಾನವಾಗಿ ಗಟ್ಟಿಯಾಗುತ್ತದೆ. ಅದು ಕಟ್ಟಡದೊಡನೆ ಹಿಗ್ಗಿ ಕುಗ್ಗುತ್ತದೆ. ಒಳಗಿನ ತೇವವನ್ನು ಹೊರಕ್ಕೆ ಬಿಡುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಸಿಮೆಂಟ್ ಬಂದಾಗ ಅದನ್ನು ಸಂಜೀವಿನಿಯೆಂದು ಭಾವಿಸಿ ದೇಶದಾದ್ಯಂತ ಹಳೆಯ ಕಟ್ಟಡಗಳಿಗೂ ಬಳಿದರು. ಸಿಮೆಂಟ್ ಗಡುಸು, ತೇವವನ್ನು ಒಳಗೇ ಬಂಧಿಸಿಡುತ್ತದೆ, ಲವಣಗಳನ್ನು ಬಿಡುತ್ತದೆ, ಪಕ್ಕದ ಮೆದುವಾದ ಕಲ್ಲು, ಇಟ್ಟಿಗೆಗಳನ್ನು ಕೆಡಿಸುತ್ತದೆ. ಹುಮನಾಬಾದಿನಿಂದ ಪೂರ್ವಕ್ಕೆ ಹೋಗುವ ಹೆದ್ದಾರಿಯ ತುದಿಯಲ್ಲಿರುವ ಹೈದರಾಬಾದಿನ ಕುತುಬ್ ಶಾಹಿ ಸಮಾಧಿಗಳಲ್ಲಿ ಇದು ಸ್ಪಷ್ಟವಾಗಿ ಕಂಡುಬಂದಿತು. ಅದೂ ಒಂದು ಮನೆತನದ ಸ್ಮಶಾನವೇ. ಬಹಮನಿ ಮಹಮೂದ್ ಶಹಾನ ಸೇವೆಯಲ್ಲಿದ್ದು ಮುಂದೆ ಗೋಲ್ಕೊಂಡದ ಒಡೆಯನಾದ ಸುಲ್ತಾನ್ ಕುಲಿ ಆ ಮನೆತನದ ಮೂಲಪುರುಷ. 2013ರಿಂದ ಆಗಾ ಖಾನ್ ಸಂಸ್ಕೃತಿ ಪ್ರತಿಷ್ಠಾನವು ಅಲ್ಲಿನ ಸರಕಾರದ ಸಹಯೋಗದಲ್ಲಿ ನೂರಕ್ಕೂ ಹೆಚ್ಚು ಸ್ಮಾರಕಗಳ ಜೀರ್ಣೋದ್ಧಾರವನ್ನು ಕೈಗೊಂಡು 2024ರಲ್ಲಿ ಪೂರ್ಣಗೊಳಿಸಿತು. ಆ ಕೆಲಸದ ಒಂದು ಮುಖ್ಯ ಭಾಗವೆಂದರೆ, ಹಿಂದಿನವರು ಸದುದ್ದೇಶದಿಂದಲೇ ಬಳಿದಿದ್ದ ಸಿಮೆಂಟನ್ನು ಕಿತ್ತುತೆಗೆದು ಮತ್ತೆ ಸುಣ್ಣದ ಗಾರೆಯನ್ನು ಹಾಕುವುದು.

ಸದುದ್ದೇಶವೊಂದೇ ಸಾಲದು ಎಂಬುದಕ್ಕೆ ಅಜಂತಾ ಇನ್ನೊಂದು ಸಾಕ್ಷಿ. ನಿಜಾಮ ಸರಕಾರ 1920ರಿಂದ 1922ರ ಅವಧಿಯಲ್ಲಿ ಇಟಲಿಯ ಇಬ್ಬರು ತಜ್ಞರನ್ನು ಕರೆಸಿ ಅಲ್ಲಿನ ಚಿತ್ರಗಳನ್ನು ಭದ್ರಪಡಿಸಿತು. ಉದುರುತ್ತಿದ್ದ ಚಿತ್ರಗಳು ಗೋಡೆಯ ಮೇಲೆ ಉಳಿದವು. ಆದರೆ ಮೇಲೆ ಬಳಿದ ಅರಗಿನ ಲೇಪ ಕಾಲಕ್ರಮೇಣ ಹಳದಿಗಟ್ಟಿ, ಧೂಳನ್ನು ಹಿಡಿದು, ಚಿತ್ರಗಳನ್ನೇ ಮಬ್ಬುಗೊಳಿಸಿತು. ಅದನ್ನು ಬಿಡಿಸುವುದು ಮುಂದಿನ ತಲೆಮಾರಿನ ತಜ್ಞರ ಪಾಲಿಗೆ ಬಂದ ದೊಡ್ಡ ಹೊರೆಯಾಯಿತು.

ಇಂಥ ಅನುಭವಗಳಿಂದಲೇ 1964ರಲ್ಲಿ ವೆನಿಸ್ ನಗರದಲ್ಲಿ ಸೇರಿದ ತಜ್ಞರು ಕೆಲವು ನಿಯಮಗಳನ್ನು ರೂಪಿಸಿದರು. ಅವುಗಳ ಸಾರ ಇಷ್ಟು: ಊಹೆ ಎಲ್ಲಿ ಆರಂಭವಾಗುತ್ತದೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕು, ಹೊಸದಾಗಿ ಸೇರಿಸಿದ್ದು ಕಟ್ಟಡಕ್ಕೆ ಹೊಂದಿಕೊಂಡರೂ ಹೊಸದೆಂದು ಗುರುತಿಸುವಂತಿರಬೇಕು, ಯಾವ ಕೆಲಸ ಮಾಡಿದರೂ ಅದನ್ನು ಬರೆದಿಡಬೇಕು. ಅಷ್ಟೂರಿಗೆ ಈ ಮಾತುಗಳನ್ನು ಅನ್ವಯಿಸಿ ನೋಡೋಣ. ಹುಮಾಯೂನನ ಗುಮ್ಮಟವನ್ನು ಪೂರ್ತಿಗೊಳಿಸುವುದು ಇಂದಿನ ಇಂಜಿನಿಯರುಗಳಿಗೆ ಅಸಾಧ್ಯವೇನಲ್ಲ. ಆದರೆ ಪೂರ್ತಿಗೊಳಿಸಿದ ದಿನವೇ ಆ ಪಾಠಶಾಲೆ ಮುಚ್ಚಿಹೋಗುತ್ತದೆ. ಉಳಿದ ಭಾಗ ಕುಸಿಯದಂತೆ ನೋಡಿಕೊಳ್ಳುವುದೇ ಅಲ್ಲಿ ನಿಜವಾದ ದುರಸ್ತಿ. ಅಹ್ಮದ್ ಶಹಾನ ಸಮಾಧಿಯ ಚಿತ್ರಗಳ ಮೇಲೆ ಹೊಸ ಹೊಂಬಣ್ಣ ಬಳಿದರೆ ಅವು ನಾಳೆ ಹೊಳೆಯಬಹುದು; ಆದರೆ ಶುಕ್ರುಲ್ಲಾನ ಕೈ ಅದರಡಿ ಶಾಶ್ವತವಾಗಿ ಮರೆಯಾಗುತ್ತದೆ. ಮಸಿಯನ್ನು ಮೆಲ್ಲನೆ ತೆಗೆಯುವುದು, ಸಡಿಲವಾದ ಪದರವನ್ನು ಮತ್ತೆ ಅಂಟಿಸುವುದು, ಮೇಲಿನ ಗುಮ್ಮಟದಿಂದ ನೀರು ಇಳಿಯದಂತೆ ತಡೆಯುವುದು, ಇಷ್ಟರಲ್ಲಿ ನಿಲ್ಲುವ ಸಂಯಮ ಬೇಕು.

ಬರೆದಿಡುವ ವಿಷಯದಲ್ಲಿ ನಮ್ಮ ಭಾಗ ಭಾಗ್ಯಶಾಲಿಯೇ ಸರಿ. 1914ರಲ್ಲಿ ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ ಆರಂಭವಾದಾಗ ಅದರ ಮುಖ್ಯಸ್ಥರಾದ ಗುಲಾಂ ಯಜ್ದಾನಿಯವರು ಬೀದರಿನ ಒಂದೊಂದು ಸ್ಮಾರಕವನ್ನೂ ಅಳೆದು, ಶಾಸನಗಳನ್ನು ಓದಿ, ಉತ್ಸವಗಳ ಆಚರಣೆಯನ್ನೂ ಸೇರಿಸಿ ದಾಖಲಿಸಿದರು. ಅವರ ಗ್ರಂಥ 1947ರಲ್ಲಿ ಪ್ರಕಟವಾಯಿತು. ಅಂದಿನಿಂದ ಇಂದಿನವರೆಗೆ ಅಷ್ಟೂರಿನಲ್ಲಿ ಏನು ಉಳಿದಿದೆ, ಏನು ಅಳಿದಿದೆ ಎಂದು ತಾಳೆ ನೋಡಲು ಆ ಗ್ರಂಥವೇ ಆಧಾರ. 2014ರಲ್ಲಿ ಅಷ್ಟೂರಿನ ಸಮಾಧಿಗಳು ದಖ್ಖನದ ಇತರ ಸ್ಮಾರಕಗಳೊಡನೆ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದಾಗಲೂ ಹಳೆಯ ಈ ದಾಖಲೆಗಳ ಬೆಲೆ ತಿಳಿಯಿತು.

ನಮ್ಮ ಪಾಲಿನ ಕೆಲಸ

ಅಷ್ಟೂರಿನ ಸಮಾಧಿಗಳು ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಕಾಯಿದೆ, ಅದಕ್ಕೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಇಂಥ ಸ್ಮಾರಕದ ಸುತ್ತಲಿನ 100 ಮೀಟರ್ ಒಳಗೆ ಹೊಸ ಕಟ್ಟಡಗಳಿಗೆ ನಿಷೇಧವಿದೆ; ಅದರಾಚೆಯ 200 ಮೀಟರ್ ವರೆಗೆ ಅನುಮತಿ ಪಡೆಯಬೇಕು. ಆದರೆ ಗೋಡೆಯ ಮೇಲೆ ಮೊಳೆಯಿಂದ ಹೆಸರು ಗೀಚುವ ಕೈಯನ್ನು ಕಾಯಿದೆಯೊಂದೇ ತಡೆಯಲಾರದು. ಶಾಲಾಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಶಿಕ್ಷಕರು, ಹೆತ್ತವರು ಅದು ಒಂದು ಮನೆತನದ ಗೋರಿಗಳಿರುವ ಸ್ಥಳ, ಜನ ಇಂದಿಗೂ ಕೈಮುಗಿಯುವ ಸ್ಥಳ ಎಂಬುದನ್ನು ಮೊದಲು ತಿಳಿಸಿಕೊಡಬೇಕು.

ಇದಕ್ಕಿಂತಲೂ ಹತ್ತಿರದ ಕೆಲಸ ನಮ್ಮ ನಮ್ಮ ಸ್ಮಶಾನಗಳಲ್ಲಿಯೇ ಇದೆ. ನವೆಂಬರ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳ ಕುಟುಂಬಗಳು ಹಿರಿಯರ ಸಮಾಧಿಗಳನ್ನು ಶುಚಿಗೊಳಿಸಿ, ಸುಣ್ಣ ಬಳಿದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತವೆ. ಕೈಯಲ್ಲಿ ನಾಲ್ಕು ಕಾಸು ಸೇರಿದಾಗ ಹಳೆಯ ಸಮಾಧಿಯನ್ನು ಒಡೆದು ಗ್ರಾನೈಟ್ ಹಾಸುವ ಮಕ್ಕಳೂ ಇದ್ದಾರೆ. ಅವರ ಪ್ರೀತಿಯಲ್ಲಿ ಸಂದೇಹವಿಲ್ಲ. ಆದರೆ ಅಜ್ಜ ಅಜ್ಜಿಯ ಕಾಲದ ಒರಟು ಕಲ್ಲಿನ ಮೇಲೆ ಊರಿನ ಕಲ್ಲುಕುಟಿಗನೊಬ್ಬ ಕೊರೆದ ಸೊಟ್ಟ ಅಕ್ಷರಗಳು, ಹಳೆಯ ಬರಹದ ರೀತಿ, ಇಸವಿ ಇವೆಲ್ಲ ಆ ಕಲ್ಲಿನೊಡನೆಯೇ ತಿಪ್ಪೆಗೆ ಸೇರಿದರೆ ಆ ಕುಟುಂಬದ ಚರಿತ್ರೆಯ ಒಂದು ಪುಟ ಹರಿದುಹೋದಂತೆ. ಹೊಸದನ್ನು ಕಟ್ಟುವ ಮುನ್ನ ಹಳೆಯ ಕಲ್ಲನ್ನು ಅಲ್ಲಿಯೇ ಒಂದು ಬದಿಗೆ ನಿಲ್ಲಿಸಬಹುದು. ಅದರ ಮೇಲಿನ ಅಕ್ಷರಗಳನ್ನು ಒಂದು ಪುಸ್ತಕದಲ್ಲಿ ಇದ್ದಂತೆಯೇ ಬರೆದಿಡಬಹುದು. ಒಂದು ಛಾಯಾಚಿತ್ರ ತೆಗೆದಿರಿಸಬಹುದು. ಇದಕ್ಕೆ ಹಣ ಬೇಡ, ಅರ್ಧ ದಿನದ ವ್ಯವಧಾನ ಸಾಕು.

ಸುಲ್ತಾನರಿಗೆ ಗುಮ್ಮಟ ಕಟ್ಟಿಸಲು ಸಾಧ್ಯವಾಯಿತು. ಆದರೆ ಆ ಗುಮ್ಮಟಗಳು ನೆನಪಾಗಿ ಉಳಿದದ್ದು ಹೂವು ಹಿಡಿದು ಬಂದ ಮಾಡಿಯಾಳದ ಜಂಗಮರಿಂದ, ಬಯಲಿನ ಹಳ್ಳಿಗಳ ಜನರಿಂದ, ಅಳತೆಪಟ್ಟಿ ಹಿಡಿದು ಬಂದ ಯಜ್ದಾನಿಯವರಂಥವರಿಂದ. ಸತ್ತವರಿಗೆ ನಾವು ಸಲ್ಲಿಸಬಹುದಾದ ಗೌರವದಲ್ಲಿ ಕಟ್ಟುವುದಕ್ಕಿಂತ ಕಾಯುವುದು ಕಷ್ಟದ್ದು, ಮೇಲಾದದ್ದು. ಅವರು ಇದ್ದಂತೆಯೇ ಅವರನ್ನು ನೆನೆಯಲು ಮುಂದಿನವರಿಗೆ ಅವಕಾಶ ಮಾಡಿಕೊಡುವುದು ಈಗ ಬದುಕಿರುವ ನಮ್ಮ ಮೇಲಿನ ಋಣ.